ಕೋಕೋ ಬೆಣ್ಣೆ, ಕೊಬ್ಬರಿ ಎಣ್ಣೆ: ಮುಂಬಯಿ ಸೆಕೆಗೂ ಪುಣೆ ಚಳಿಗೂ ಹೊಂದುವ ಅಳತೆಗಳು

ಮೇ ತಿಂಗಳಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ಶೆಲ್ಫ್ ತುಂಬಾ ಜಿಡ್ಡು. ಅದೇ ಬಾಟಲಿಯನ್ನು ಡಿಸೆಂಬರ್‌ನಲ್ಲಿ ಪುಣೆಗೆ ಒಯ್ದರೆ, ಬೆಳಿಗ್ಗೆ ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೋಕೋ ಬೆಣ್ಣೆಗೆ 34ರಿಂದ 36 ಡಿಗ್ರಿ ಬೇಕು. ಮುಂಬಯಿಯ ಹವೆ ವರ್ಷದ ಬಹುಪಾಲು ಈ ಎರಡರ ನಡುವೆಯೇ ಓಡಾಡಿಕೊಂಡಿರುತ್ತದೆ. ಮನೆಯಲ್ಲೇ ಲಿಪ್ ಬಾಮ್, ಬಾಡಿ ಬಟರ್ ಮಾಡಲು ಚಳಿ ದೇಶದವರು ವಿಡಿಯೋದಲ್ಲಿ ಹೇಳುವ ಅಳತೆ ಇಲ್ಲಿ ಕೈಕೊಡುವುದು ಇದಕ್ಕೇ. ಅವರ ಲಿಪ್ ಬಾಮ್ ನಮ್ಮ ಲೋಕಲ್ ಟ್ರೇನಿನಲ್ಲಿ ಕುರ್ಲಾ ಬರುವಷ್ಟರಲ್ಲಿ ಎಣ್ಣೆಯಾಗಿರುತ್ತದೆ.

ಈ ಎರಡು ಅಂಕಿ ತಲೆಯಲ್ಲಿದ್ದರೆ ಉಳಿದದ್ದೆಲ್ಲ ಲೆಕ್ಕ ಹಾಕಿಕೊಳ್ಳಬಹುದು. ಗಟ್ಟಿ ಬೇಕಾದಲ್ಲಿ ಕೋಕೋ ಬೆಣ್ಣೆ, ಹರಿಯಬೇಕಾದಲ್ಲಿ ಕೊಬ್ಬರಿ ಎಣ್ಣೆ. ಎರಡೂ ಸೇರಿದಾಗ ಯಾವುದು ಎಷ್ಟು ಅನ್ನುವುದನ್ನು ನೀವಿರುವ ಊರು ಮತ್ತು ತಿಂಗಳು ನೋಡಿ ತೀರ್ಮಾನಿಸಬೇಕು.

ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವರಿಗೆ ಕೋಕೋ ಹೊಸದೇನಲ್ಲ. ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ನಡುವೆ ಕೋಕೋ ಗಿಡ ಇದ್ದೇ ಇರುತ್ತದೆ. ಬೀಜದ ಮೇಲಿನ ಬಿಳಿ ತಿರುಳನ್ನು ಚೀಪಿ ತಿಂದ ನೆನಪು ಎಷ್ಟೋ ಜನರಿಗಿರಬಹುದು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಒಣಗಿಸಿ ಹುರಿದ ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬು. ಅದನ್ನು ಒತ್ತಿ ಹಿಂಡಿದರೆ ಬರುವುದು ಕೋಕೋ ಬೆಣ್ಣೆ. ಹಿಂಡಿ ಉಳಿದದ್ದನ್ನು ಪುಡಿ ಮಾಡಿದರೆ ಕೇಕಿಗೆ ಹಾಕುವ ಕೋಕೋ ಪೌಡರ್.

ಮೊದಲು ಕೊಳ್ಳುವುದು, ಪರೀಕ್ಷಿಸುವುದು

2024ರಲ್ಲಿ ಕೋಕೋ ಬೆಲೆ ಜಗತ್ತಿನಾದ್ಯಂತ ದಾಖಲೆ ಮುಟ್ಟಿತು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಬೆಳೆ ಕೆಟ್ಟಿದ್ದೇ ಮುಖ್ಯ ಕಾರಣ. ಮರುವರ್ಷ ಕೊಬ್ಬರಿ ಎಣ್ಣೆಯ ಸರದಿ. ಬೆಲೆ ಏರಿದಾಗಲೆಲ್ಲ ಕಲಬೆರಕೆಯೂ ಏರುತ್ತದೆ, ಗೊತ್ತೇ ಇದೆ ಅಲ್ವಾ? ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊಬ್ಬರಿ ಎಣ್ಣೆಯ ಬಾಟಲಿ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್ ಇದ್ದರೆ ಅದು ತಿನ್ನುವ ಎಣ್ಣೆ. 'ಹೇರ್ ಆಯಿಲ್' ಅಂತ ಬರೆದಿದ್ದರೆ ಅದು ತಲೆಗೆ ಮಾತ್ರ. ಅದರಲ್ಲಿ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಇರಬಹುದು. ಕೂದಲಿಗೆ ಅದರಿಂದ ತೊಂದರೆಯಿಲ್ಲ, ಆದರೆ ತುಟಿಗೆ ಹಚ್ಚುವ ಬಾಮ್‌ಗೆ ಬೇಡ. ಈ ಎಣ್ಣೆ ಅಡುಗೆಯದೋ ತಲೆಯದೋ ಅನ್ನುವ ತೆರಿಗೆ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸಣ್ಣ ಬಾಟಲಿಯಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅದು ಹೇರ್ ಆಯಿಲ್ ಆಗುವುದಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ಹಾಗಾಗಿ ಬಾಟಲಿಯ ಗಾತ್ರ, ಬಣ್ಣ ನೋಡಬೇಡಿ. ಹಿಂದಿನ ಸಣ್ಣಕ್ಷರ ಓದಿ.

ಮನೆಯಲ್ಲಿ ಮಾಡುವ ಪರೀಕ್ಷೆ ಸುಲಭ. ಗಾಜಿನ ಲೋಟಕ್ಕೆ ಸ್ವಲ್ಪ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫ್ರೀಜರ್ ಬೇಡ, ಕೆಳಗಿನ ಭಾಗ ಸಾಕು. ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬೇರೆ ಎಣ್ಣೆ ಬೆರೆಸಿದ್ದರೆ ಅದು ತೆಳ್ಳಗೆ ಬೇರೆ ಪದರವಾಗಿ ಉಳಿಯುತ್ತದೆ. ಆದರೆ ಪಾಮ್ ಕರ್ನಲ್ ಎಣ್ಣೆ ಬೆರೆಸಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಅದೂ ಹೆಪ್ಪುಗಟ್ಟುತ್ತದೆ. ಗೊತ್ತಿರುವ ಗಾಣದಿಂದ ತರುವುದೇ ವಾಸಿ. ಮಾಟುಂಗಾದ ನಮ್ಮ ಕಡೆಯ ಅಂಗಡಿಗಳಲ್ಲಿ ಗಾಣದ ಎಣ್ಣೆ ಸಿಗುತ್ತದೆ. ಊರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರ ಕೈಲಿ ಕ್ಯಾನ್ ತರಿಸಿಕೊಳ್ಳುವವರಿಗಂತೂ ಈ ಚಿಂತೆಯೇ ಇಲ್ಲ.

ಕೋಕೋ ಬೆಣ್ಣೆ ಮುಂಬಯಿಯಲ್ಲಿ ಕ್ರಾಫರ್ಡ್ ಮಾರ್ಕೆಟ್‌ನ ಕೇಕ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಆನ್‌ಲೈನ್‌ನಲ್ಲೂ ಸಿಗುತ್ತದೆ. ಎರಡು ಬಗೆ ಇದೆ. ಸಹಜವಾದದ್ದು ತಿಳಿ ಹಳದಿ, ಡಬ್ಬಿ ತೆಗೆದರೆ ಚಾಕಲೇಟ್ ಪರಿಮಳ. ಇನ್ನೊಂದು ವಾಸನೆ ತೆಗೆದದ್ದು, ಡಿಯೋಡರೈಸ್ಡ್. ನೀವು ಲ್ಯಾವೆಂಡರ್, ಗುಲಾಬಿ ಅಂತ ಬೇರೆ ಪರಿಮಳ ಸೇರಿಸುವುದಿದ್ದರೆ ಎರಡನೆಯದನ್ನು ತನ್ನಿ. ಇಲ್ಲದಿದ್ದರೆ ಚಾಕಲೇಟ್ ಮತ್ತು ಗುಲಾಬಿ ಸೇರಿ ಯಾವುದೋ ಹಳೇ ಸಿಹಿತಿಂಡಿ ಅಂಗಡಿ ವಾಸನೆ ಬರುತ್ತದೆ.

ಒಳ್ಳೇ ಕೋಕೋ ಬೆಣ್ಣೆಯ ತುಂಡನ್ನು ಮುರಿದರೆ ಟಕ್ ಎಂದು ಮುರಿಯಬೇಕು. ಎರಡು ಬೆರಳ ನಡುವೆ ಹಿಡಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚು ಮೆಲ್ಲಗೆ ಹೊಳೆಯಲು ಶುರುವಾಗುತ್ತದೆ. ಬೆರಳ ತುದಿ ಒದ್ದೆಯಾದಂತೆ ಅನಿಸಿ, ಸ್ವಲ್ಪ ಹೊತ್ತಿನಲ್ಲಿ ತುಂಡು ಜಾರತೊಡಗುತ್ತದೆ. ಮೈ ಬಿಸಿಗೆ ಕರಗುವ, ಆದರೆ ಡಬ್ಬಿಯಲ್ಲಿ ಗಟ್ಟಿಯಾಗಿರುವ ಈ ಗುಣದಿಂದಲೇ ಚಾಕಲೇಟ್ ಬಾಯಲ್ಲಿ ಕರಗುತ್ತದೆ. ಗುದದ್ವಾರದಲ್ಲಿ ಇಡುವ ಔಷಧಿಗೂ ಬಹಳ ಕಾಲದಿಂದ ಇದನ್ನೇ ಬಳಸುತ್ತಾ ಬಂದಿದ್ದಾರೆ.

ಕೋಕಮ್ ಬೆಣ್ಣೆ ಮರೆಯಬೇಡಿ

ಕೋಕೋ ಬೆಣ್ಣೆ ದುಬಾರಿ ಅನಿಸಿದರೆ ನಮ್ಮ ಪುನರ್ಪುಳಿ ಇದೆ. ಅದರ ಬೀಜದಿಂದ ತೆಗೆದ ಗಟ್ಟಿ ಕೊಬ್ಬು ಗೋವಾ, ರತ್ನಾಗಿರಿ, ಸಿಂಧುದುರ್ಗದ ಕಡೆ ಮೊಟ್ಟೆಯಾಕಾರದ ಉಂಡೆಗಳಾಗಿ ಸಿಗುತ್ತದೆ. ಮರಾಠಿಯವರು ಕೋಕಮ್ ತೇಲ್ ಅನ್ನುತ್ತಾರೆ, ಉತ್ತರ ಕನ್ನಡದವರಿಗೆ ಮುರುಗಲ ಎಣ್ಣೆ ಅಂದರೆ ತಿಳಿಯುತ್ತದೆ. ಇದು ಕರಗಲು 38 ಡಿಗ್ರಿಗಿಂತ ಜಾಸ್ತಿ ಬೇಕು. ಅಂದರೆ ಮುಂಬಯಿಯ ಬೇಸಿಗೆಗೆ ಕೋಕೋ ಬೆಣ್ಣೆಗಿಂತ ಇದೇ ಗಟ್ಟಿಗ. ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಸ್ವಲ್ಪ ಸೇರಿಸಬಹುದಾದ ಆರು ಕೊಬ್ಬುಗಳ ಪಟ್ಟಿಯನ್ನು ಯುರೋಪಿನವರು 2000ದಲ್ಲಿ ಮಾಡಿದಾಗ ಅದರಲ್ಲಿ ಕೋಕಮ್ ಕೂಡ ಇತ್ತು. ಕೊಂಕಣದ ಅಜ್ಜಿಯರು ಅದಕ್ಕೂ ಎಷ್ಟೋ ಮೊದಲಿನಿಂದ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಕೆಳಗಿನ ಅಳತೆಗಳಲ್ಲಿ ಕೋಕೋ ಬೆಣ್ಣೆಯ ಅರ್ಧ ಭಾಗವನ್ನು ಕೋಕಮ್‌ಗೆ ಬದಲಿಸಬಹುದು. ಪೂರ್ತಿ ಬದಲಿಸಿದರೆ ಸ್ವಲ್ಪ ಒರಟಾಗುತ್ತದೆ.

ಲಿಪ್ ಬಾಮ್, ಹಂತ ಹಂತವಾಗಿ

ಅಳತೆಗೆ ಅಡುಗೆಮನೆಯ ಡಿಜಿಟಲ್ ಕಾಟಾ ಬೇಕು. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಟ್ಟಿ ತುಂಡುಗಳು ಚಮಚದಲ್ಲಿ ಹೇಗೆ ಕೂರುತ್ತವೋ ಯಾರಿಗೆ ಗೊತ್ತು.

ಒಟ್ಟು 40 ಗ್ರಾಂಗೆ ಮುಂಬಯಿ, ಗೋವಾದ ಬೇಸಿಗೆಯ ಅಳತೆ: ಜೇನುಮೇಣ 12 ಗ್ರಾಂ, ಕೋಕೋ ಬೆಣ್ಣೆ 16 ಗ್ರಾಂ, ಕೊಬ್ಬರಿ ಎಣ್ಣೆ 12 ಗ್ರಾಂ.

ಪುಣೆಯ ಚಳಿಗಾಲಕ್ಕೆ: ಜೇನುಮೇಣ 7, ಕೋಕೋ ಬೆಣ್ಣೆ 10, ಕೊಬ್ಬರಿ ಎಣ್ಣೆ 13, ಬಾದಾಮಿ ಎಣ್ಣೆ 10. ಅಲ್ಲಿ ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟುವುದರಿಂದ ಚಳಿಯಲ್ಲೂ ಹರಿಯುವ ಒಂದು ಎಣ್ಣೆ ಜೊತೆಗೆ ಬೇಕೇ ಬೇಕು.

1. ಅಗಲ ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಅದರೊಳಗೆ ಸ್ಟೀಲ್ ಬಟ್ಟಲು ಇಡಿ. ನೀರು ಕುದಿಯುವುದು ಬೇಡ, ಹಬೆಯಾಡಿದರೆ ಸಾಕು. ಬಟ್ಟಲು ಒಳಗೂ ಹೊರಗೂ ಒಣಗಿರಲಿ. ನೇರ ಗ್ಯಾಸ್ ಮೇಲೆ ಇಡಬೇಡಿ.

2. ಮೊದಲು ಜೇನುಮೇಣ. ಅದಕ್ಕೆ ಸುಮಾರು 62ರಿಂದ 64 ಡಿಗ್ರಿ ಬೇಕು, ಎಲ್ಲಕ್ಕಿಂತ ತಡ. ಅದು ಕರಗಿದ ಮೇಲೆ ಕೋಕೋ ಬೆಣ್ಣೆ, ಕೊನೆಗೆ ಎಣ್ಣೆ. ಎಣ್ಣೆ ತಣ್ಣಗಿದ್ದರೆ ಮೇಣ ಮತ್ತೆ ಬೆಳ್ಳಗೆ ಗಟ್ಟಿಯಾಗುತ್ತದೆ. ಹೆದರಬೇಡಿ, ಒಂದು ನಿಮಿಷ ಕಲಕುತ್ತಾ ಇದ್ದರೆ ಮತ್ತೆ ತಿಳಿಯಾಗುತ್ತದೆ.

3. ಡಬ್ಬಿಗೆ ಸುರಿಯುವ ಮೊದಲು ಪರೀಕ್ಷೆ. ಫ್ರಿಜ್ಜಿನಲ್ಲಿಟ್ಟ ತಣ್ಣನೆ ಸ್ಟೀಲ್ ಚಮಚದ ಮೇಲೆ ಒಂದು ಹನಿ ಬಿಡಿ. ಎರಡು ನಿಮಿಷ ಬಿಟ್ಟು, ಚಮಚ ಕೋಣೆಯ ಬಿಸಿಗೆ ಬಂದ ಮೇಲೆ ಬೆರಳಲ್ಲಿ ಒತ್ತಿ ನೋಡಿ. ಉಗುರು ಊರಿ ಗೀರು ಬಿದ್ದರೆ ಸರಿ. ಬೆರಳು ಪೂರ್ತಿ ಇಳಿದರೆ ಇನ್ನೊಂದು ಗ್ರಾಂ ಮೇಣ. ಹಚ್ಚಿದಾಗ ತುಟಿ ಎಳೆದಂತಾದರೆ ಇನ್ನೊಂದೆರಡು ಗ್ರಾಂ ಎಣ್ಣೆ. ಈ ಹಂತ ಬಿಟ್ಟರೆ ಡಬ್ಬಿಯಿಂದ ಎಲ್ಲ ಕೆರೆದು ಮತ್ತೆ ಕಾಯಿಸುವ ಕೆಲಸ.

4. ಒಣ ಡಬ್ಬಿಗಳಿಗೆ ಸುರಿದು, ಮೇಲ್ಮೈ ಹೆಪ್ಪುಗಟ್ಟಲು ಶುರುವಾದ ತಕ್ಷಣ ಫ್ರಿಜ್ಜಿನಲ್ಲಿಡಿ. ಕೋಕೋ ಬೆಣ್ಣೆ ನಿಧಾನವಾಗಿ ತಣಿದರೆ ಅದರ ಹರಳುಗಳು ದೊಡ್ಡದಾಗಿ ರವೆ ಹಾಕಿದಂತೆ ತರಿತರಿಯಾಗುತ್ತದೆ. ಬೇಗ ತಣಿದರೆ ನುಣುಪು. ತರಿಯಾದ ಬಾಮ್ ಹಾಳಾಗಿದೆ ಎಂದಲ್ಲ. ಪೂರ್ತಿ ಕರಗಿಸಿ ಮತ್ತೆ ತಣಿಸಿದರಾಯಿತು.

ಮುಂಬಯಿಯಲ್ಲಿ ಒಂದು ವಿಷಯ ನೆನಪಿರಲಿ. ಪಕ್ಕದ ಮನೆಯವರು ಜೈನರಾಗಿದ್ದರೆ ಜೇನುಮೇಣ ಅವರಿಗೆ ಆಗುವುದಿಲ್ಲ. ಅವರಿಗೆ ಕೊಡುವ ಡಬ್ಬಿಗೆ ಮೇಣ ಪೂರ್ತಿ ಬಿಟ್ಟು ಕೋಕಮ್ ಬೆಣ್ಣೆ 20, ಕೋಕೋ ಬೆಣ್ಣೆ 10, ಕೊಬ್ಬರಿ ಎಣ್ಣೆ 10 ಗ್ರಾಂ ಹಾಕಿ. ಸ್ವಲ್ಪ ಮೆತ್ತಗಿರುತ್ತದೆ, ಸೆಕೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಕೊಳ್ಳಿ ಎಂದು ಹೇಳಿಬಿಡಿ.

ಹಿಮ್ಮಡಿಗೆ, ಮೈಗೆ

ಹಿಮ್ಮಡಿ ಒಡಕಿಗೆ ಕೋಕಮ್ ಬೆಣ್ಣೆ 25, ಕೊಬ್ಬರಿ ಎಣ್ಣೆ 20, ಜೇನುಮೇಣ 5 ಗ್ರಾಂ ಸಾಕು. ರಾತ್ರಿ ಕಾಲು ತೊಳೆದು, ಅರೆ ಒದ್ದೆ ಇರುವಾಗಲೇ ಹಚ್ಚಿ ಹಳೇ ಕಾಲುಚೀಲ ಹಾಕಿ ಮಲಗಿ. ಈ ಕೊಬ್ಬುಗಳಲ್ಲಿ ನೀರಿನಂಶ ಇಲ್ಲ. ಇದ್ದ ನೀರು ಆರಿ ಹೋಗದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ, ಏನೂ ಗುಣ ಕಾಣಲಿಲ್ಲ ಎನ್ನುವವರು ಬಹಳ ಮಂದಿ. ಮಳೆಗಾಲದಲ್ಲಿ ಮಾತ್ರ ಕಾಲ್ಬೆರಳ ಸಂದಿಗೆ ಹಚ್ಚಬೇಡಿ. ನೀರು ತುಂಬಿದ ರಸ್ತೆಯಲ್ಲಿ ನಡೆದು ಬಂದ ಕಾಲಿಗೆ ಅಲ್ಲಿ ಬೇಕಾದ್ದು ಒಣ ಟವೆಲ್. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡಿ ಬಿರುಕು ಆಳವಾಗಿದ್ದರೆ ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಪುಣೆಯವರಿಗೆ ಚಳಿಗಾಲದ ಬಾಡಿ ಬಟರ್: ಕೋಕೋ ಬೆಣ್ಣೆ 30, ಕೊಬ್ಬರಿ ಎಣ್ಣೆ 40, ಬಾದಾಮಿ ಎಣ್ಣೆ 30 ಗ್ರಾಂ ಕರಗಿಸಿ, ಫ್ರಿಜ್ಜಿನಲ್ಲಿ ಅರೆಗಟ್ಟಿ ಮಾಡಿ, ಕೇಕ್ ಬೀಟರಿನಲ್ಲಿ ಬೆಳ್ಳಗೆ ಉಬ್ಬುವವರೆಗೆ ಕಡೆಯಿರಿ. ಮುಂಬಯಿಯಲ್ಲಿ ಇದನ್ನು ಮಾಡಲೇಬೇಡಿ ಎನ್ನುತ್ತೇನೆ. ಮಧ್ಯಾಹ್ನದೊಳಗೆ ಉಬ್ಬೆಲ್ಲ ಇಳಿದು ಎಣ್ಣೆಯಾಗುತ್ತದೆ.

ಇವುಗಳಿಗೆ ಗುಲಾಬಿ ನೀರು, ಲೋಳೆಸರ ಸೇರಿಸಿ ಎಂದು ಸಲಹೆ ಕೊಡುವವರಿದ್ದಾರೆ. ಬೇಡ. ನೀರಿಲ್ಲದ ಕೊಬ್ಬಿನಲ್ಲಿ ಬೂಷ್ಟು ಬೆಳೆಯುವುದಿಲ್ಲ, ಒಂದಿಷ್ಟು ನೀರು ಸೇರಿದರೆ ಬೆಳೆಯುತ್ತದೆ. ಆಗ ಪ್ರಿಸರ್ವೇಟಿವ್ ಬೇಕಾಗುತ್ತದೆ, ಅದು ಬೇರೆಯೇ ಲೆಕ್ಕಾಚಾರ. ಸ್ನಾನದ ಮನೆಯಲ್ಲಿ ಒದ್ದೆ ಕೈ ಅದ್ದುವುದೂ ಅಷ್ಟೇ ಕೆಟ್ಟದ್ದು. ಡಬ್ಬಿಯಲ್ಲಿ ಸಣ್ಣ ಚಮಚ ಇಟ್ಟುಕೊಳ್ಳಿ.

ಹೊಸದಾಗಿ ಹಚ್ಚುವ ಯಾವುದನ್ನಾದರೂ ಮೊಣಕೈ ಒಳಬದಿಗೆ ಸ್ವಲ್ಪ ಸವರಿ ಒಂದು ದಿನ ನೋಡಿ. ಮೊಡವೆ ಬರುವ ಮುಖಕ್ಕೆ ಕೋಕೋ ಬೆಣ್ಣೆ, ಕೊಬ್ಬರಿ ಎಣ್ಣೆ ಎರಡೂ ಬೇಡ, ಅದರಲ್ಲೂ ಮುಂಬಯಿಯ ಬೆವರಿನಲ್ಲಿ. ಬಸಿರಿನ ಗೆರೆಗಳಿಗೆ ಕೋಕೋ ಬೆಣ್ಣೆ ರಾಮಬಾಣ ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. 2008ರಲ್ಲಿ ಲೆಬನಾನಿನಲ್ಲಿ ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ಕೋಕೋ ಬೆಣ್ಣೆ ಲೋಶನ್ನಿಗೂ ಸಾದಾ ಲೋಶನ್ನಿಗೂ ಗೆರೆ ತಡೆಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತುರಿಕೆ ಕಡಿಮೆಯಾಗಿ ಚರ್ಮ ಮೆತ್ತಗಾಗಲಿ ಎಂದು ಹಚ್ಚಿಕೊಳ್ಳಿ, ಅಷ್ಟಕ್ಕೆ ಅಡ್ಡಿಯಿಲ್ಲ. ಸುಟ್ಟ ಗಾಯಕ್ಕೆ ತಕ್ಷಣ ಎಣ್ಣೆ ಹಚ್ಚುವ ಅಭ್ಯಾಸ ಮಾತ್ರ ಬಿಡಿ. 20 ನಿಮಿಷ ನಲ್ಲಿ ನೀರು, ಅದೇ ಮೊದಲ ಮದ್ದು. ಇನ್ನೊಂದು ಮಾತು: ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಬಲ ಕಳೆದುಕೊಳ್ಳುತ್ತದೆ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ, ಕೋಕೋ ಬೆಣ್ಣೆ ಎರಡೂ ಬೇಡ.

ಕೂದಲು, ಬಣ್ಣ, ಹಲಸಿನ ಮೇಣ

ಇಲ್ಲಿ ಕೊಬ್ಬರಿ ಎಣ್ಣೆಗೆ ಸಾಟಿಯಿಲ್ಲ, ಕೋಕೋ ಬೆಣ್ಣೆಗೆ ಕೆಲಸವೂ ಇಲ್ಲ. ಕೊಬ್ಬರಿ ಎಣ್ಣೆಯ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ. ಅದರ ಕಣ ಸಣ್ಣದು, ನೇರವಾದದ್ದು, ಹಾಗಾಗಿ ಕೂದಲಿನ ಎಳೆಯೊಳಗೆ ಇಳಿಯುತ್ತದೆ. ಮುಂಬಯಿಯ ಮ್ಯಾರಿಕೋ ಕಂಪನಿಯ ಸಂಶೋಧಕರು 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ, ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು ಪ್ರಕಟಿಸಿದರು. ಕೊಬ್ಬರಿ ಎಣ್ಣೆ ಮಾರುವವರದ್ದೇ ಅಧ್ಯಯನ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಲೆ ತೊಳೆಯುವ ಮೊದಲು ಹಚ್ಚಿದರೂ ಉಪಯೋಗ ಉಂಟು. ದಿನವಿಡೀ ಹಚ್ಚಿಕೊಂಡು ಆಫೀಸಿಗೆ ಹೋಗಬೇಕೆಂದಿಲ್ಲ. ತಲೆಹೊಟ್ಟು ಇರುವವರು ಬುಡಕ್ಕೆ ಹಚ್ಚದೆ ತುದಿಗೆ ಮಾತ್ರ ಹಚ್ಚಿ, ಹೊಟ್ಟಿನ ಶಿಲೀಂಧ್ರಕ್ಕೆ ಎಣ್ಣೆಯೇ ಊಟ.

ಬಣ್ಣ ತೆಗೆಯುವುದನ್ನು ಕಲಿಯಬೇಕೆಂದರೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಬೇಕು. ಮುಂಬಯಿಯಲ್ಲಿ ಅದಕ್ಕೇನೂ ಬರವಿಲ್ಲ. ಆಟ ಮುಗಿಸಿ ಬಂದ ವೇಷಧಾರಿ ಕಿರೀಟ ಇಳಿಸಿ, ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ಮುಖಕ್ಕೆ ಉಜ್ಜುತ್ತಾರೆ. ಹಣೆಯ ನಾಮ, ಕಣ್ಣಿನ ಕಪ್ಪು, ಕೆನ್ನೆಯ ಕೆಂಪು ಎಲ್ಲ ಒಂದಕ್ಕೊಂದು ಬೆರೆತು ಮುಖ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹಳೇ ಪಂಚೆಯ ತುಂಡಲ್ಲಿ ಒರೆಸಿದರೆ ಒಂದೇ ಸಲಕ್ಕೆ ಮನುಷ್ಯನ ಮುಖ ಹೊರಗೆ ಬರುತ್ತದೆ. ನಿಮ್ಮ ಮದುವೆ ಮನೆಯ ಮೇಕಪ್ಪಿಗೂ ಇದೇ ಕ್ರಮ: ಒಣ ಮುಖಕ್ಕೆ ಎಣ್ಣೆ, ಉಜ್ಜುವುದು, ಒರೆಸುವುದು. ನೀರು ಮೊದಲು ಮುಟ್ಟಿಸಬಾರದು. ಕೊನೆಗೆ ಕಡಲೆಹಿಟ್ಟಿನಲ್ಲೋ ಫೇಸ್‌ವಾಶ್‌ನಲ್ಲೋ ತೊಳೆದುಕೊಳ್ಳಿ, ಎಣ್ಣೆ ಮುಖದ ಮೇಲೆ ಉಳಿಯಬಾರದು.

ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಹಚ್ಚುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಹೊಸ ಡಬ್ಬಿಯ ಸ್ಟಿಕ್ಕರ್ ಅಂಟಿಗೂ ಅದೇ ಉಪಾಯ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ.

ಅಡುಗೆಮನೆಯಲ್ಲಿ

ಐಸ್‌ಕ್ರೀಮ್ ಮೇಲೆ ಸುರಿದ ಕೂಡಲೇ ಗಟ್ಟಿಯಾಗುವ ಚಾಕಲೇಟ್ ಹೊದಿಕೆಗೆ 100 ಗ್ರಾಂ ಡಾರ್ಕ್ ಚಾಕಲೇಟ್ ಕರಗಿಸಿ 20 ಗ್ರಾಂ ಕೊಬ್ಬರಿ ಎಣ್ಣೆ ಬೆರೆಸಿ. ತಣ್ಣನೆ ಐಸ್‌ಕ್ರೀಮ್ ತಾಗಿದ ತಕ್ಷಣ ಹೆಪ್ಪುಗಟ್ಟುತ್ತದೆ, ಚಮಚದಲ್ಲಿ ತಟ್ಟಿದರೆ ಒಡೆಯುತ್ತದೆ. ಮಕ್ಕಳಿಗೆ ಭಾರೀ ಖುಷಿ.

ಆದರೆ ದೀಪಾವಳಿಗೆ ಡಬ್ಬಿಯಲ್ಲಿ ಹಂಚುವ ಚಾಕಲೇಟಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ. ಈ ಎರಡು ಕೊಬ್ಬು ಒಂದಕ್ಕೊಂದು ಹೊಂದುವುದಿಲ್ಲ. ಬೆರೆತಾಗ ಕೋಕೋ ಬೆಣ್ಣೆ ತನ್ನ ಗಟ್ಟಿ ಹರಳು ಕಟ್ಟಲಾರದೆ, ಚಾಕಲೇಟ್ ಮೆತ್ತಗಾಗಿ ಬೇಗ ಕರಗುತ್ತದೆ. ಚಾಕಲೇಟ್ ತೆಳ್ಳಗೆ ಮಾಡಬೇಕಿದ್ದರೆ ಸ್ವಲ್ಪ ಕೋಕೋ ಬೆಣ್ಣೆಯನ್ನೇ ಸೇರಿಸಿ. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟುತ್ತದೆ, ಹೊಳಪು ಮತ್ತು ಟಕ್ ಎನ್ನುವ ಮುರಿತ ಕೊಡುವುದು ಐದನೆಯ ಬಗೆ. ಅದಕ್ಕಾಗಿ ಡಾರ್ಕ್ ಚಾಕಲೇಟನ್ನು 45ರಿಂದ 50 ಡಿಗ್ರಿಗೆ ಕರಗಿಸಿ, ಕಲಕುತ್ತಾ 27ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಮುಂಬಯಿಯ ಅಡುಗೆಮನೆ ತಾನೇ 32 ಇದ್ದರೆ 27ಕ್ಕೆ ಇಳಿಸುವುದು ಹೇಗೆ? ಎಸಿ ಇರುವ ಕೋಣೆಗೆ ಹೋಗಿ, ಬೇರೆ ದಾರಿಯಿಲ್ಲ. ಚಾಕಲೇಟ್ ಮೇಲೆ ಬಿಳಿ ಬೂದಿಯಂತೆ ಬಂದರೆ ಸಾಮಾನ್ಯವಾಗಿ ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ತಿನ್ನಬಹುದು.

ಒಗ್ಗರಣೆ, ಗಸಿಗೆ ಗಾಣದ ಎಣ್ಣೆ ಚೆನ್ನ, ಕರಿಯಲು ರಿಫೈನ್ಡ್ ವಾಸಿ, ಅದು ಬೇಗ ಹೊಗೆಯಾಡುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ನೂರಕ್ಕೆ 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಕೋಕೋ ಬೆಣ್ಣೆಯಲ್ಲಿ 60ರ ಆಸುಪಾಸು. ಕೊಲೆಸ್ಟ್ರಾಲ್ ಇದ್ದವರು ದಿನಾ ಬೆಳಿಗ್ಗೆ ಚಮಚಗಟ್ಟಲೆ ಕುಡಿಯುವ ಹುಚ್ಚಿಗೆ ಬೀಳದಿರುವುದು ಒಳ್ಳೆಯದು.

ಸಾಬೂನು, ಮತ್ತು ಲೇಬಲ್ ಓದುವುದು

ಮನೆಯಲ್ಲಿ ಸಾಬೂನು ಮಾಡಲು ಕಾಸ್ಟಿಕ್ ಸೋಡಾ ಬೇಕು. ಒಂದೇ ಕೋಣೆಯ ಮನೆಯಲ್ಲಿ, ಮಕ್ಕಳು ಓಡಾಡುವ ಕಡೆ ನಾನಂತೂ ಹೇಳುವುದಿಲ್ಲ. ಜಾಗ ಇದ್ದು ಕಲಿತು ಮಾಡುವವರಿಗೆ ಒಂದೇ ಎಚ್ಚರಿಕೆ: 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಬೇಕಾದರೆ, ಅಷ್ಟೇ ಕೋಕೋ ಬೆಣ್ಣೆಗೆ ಸುಮಾರು 14 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಬದಲು ಕೋಕೋ ಬೆಣ್ಣೆಯನ್ನು ಸುಮ್ನೆ ಹಾಕಿದರೆ ಉಳಿದ ಕಾಸ್ಟಿಕ್ ಚರ್ಮ ಸುಡುತ್ತದೆ.

ಅಂಗಡಿಯ ಸಾಬೂನು, ಶಾಂಪೂವಿನಲ್ಲಿ 'ಸೋಡಿಯಂ ಕೋಕೋಯೇಟ್', 'ಕೋಕಮಿಡೊಪ್ರೊಪಿಲ್ ಬೀಟೈನ್' ಎಂದು ಕಂಡರೆ ಅದು ಕೋಕೋ ಅಲ್ಲ, ತೆಂಗಿನಿಂದ ಬಂದದ್ದು. ನೊರೆ ಅದರದ್ದೇ. ಕೋಕೋ ಬೆಣ್ಣೆಗೆ 'ಥಿಯೋಬ್ರೋಮಾ ಕಕಾವೋ ಸೀಡ್ ಬಟರ್' ಎಂದು ಬರೆದಿರುತ್ತಾರೆ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಡಬ್ಬಿಯ ಮುಂದೆ ದೊಡ್ಡದಾಗಿ ಕೋಕೋ ಬೆಣ್ಣೆ ಎಂದು ಬರೆದು, ಹಿಂದೆ ಅದರ ಹೆಸರು ಪರಿಮಳದ ನಂತರ ಬಂದಿದ್ದರೆ ಒಳಗೆ ಇರುವುದು ಹೆಸರಿಗೆ ಮಾತ್ರ.

ಹಂಚುವ, ಮಾರುವ ಮೊದಲು

ಬೆಳಕು, ಬಿಸಿ ತಾಗದಂತೆ ಇಟ್ಟರೆ ಈ ಬಾಮ್‌ಗಳು ಕೆಲವು ತಿಂಗಳು ಚೆನ್ನಾಗಿರುತ್ತವೆ. ಬಾದಾಮಿ ಎಣ್ಣೆ ಹಾಕಿದ್ದು ಬೇಗ ಹಳಸುತ್ತದೆ. ಹಳೇ ಎಣ್ಣೆ ವಾಸನೆ ಬಂತೋ, ಬಿಸಾಡಿ. ನೆಂಟರಿಷ್ಟರಿಗೆ ಕೊಡುವಾಗ ಡಬ್ಬಿಯ ಮೇಲೆ ಮಾಡಿದ ತಾರೀಕು ಮತ್ತು ಏನೇನು ಹಾಕಿದ್ದೀರಿ ಅನ್ನುವುದನ್ನು ಬರೆಯಿರಿ. ನಿಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಸ್ಟಾಲಿನಲ್ಲಿ ಇಟ್ಟು ಮಾರುವ ಯೋಚನೆ ಇದ್ದರೆ ಅದು ಬೇರೆ ಮಾತು. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮಾರಾಟಕ್ಕೆ ಸೌಂದರ್ಯ ಸಾಧನ ತಯಾರಿಸಲು ರಾಜ್ಯದ ಲೈಸೆನ್ಸ್ ಬೇಕು. ಮಹಾರಾಷ್ಟ್ರದಲ್ಲಿ ಅದನ್ನು ನೋಡಿಕೊಳ್ಳುವುದು ಎಫ್‌ಡಿಎ, ಅಂದರೆ ರಾಜ್ಯದ ಆಹಾರ ಮತ್ತು ಔಷಧ ಇಲಾಖೆ. ಅರ್ಜಿ, ಶುಲ್ಕ, ಜಾಗದ ತಪಾಸಣೆ ಎಲ್ಲ ಇರುತ್ತದೆ. ಲೈಸೆನ್ಸ್ ಇರುವ ತಯಾರಕರ ಬಳಿ ನಿಮ್ಮ ಅಳತೆಯಲ್ಲಿ ಮಾಡಿಸಿಕೊಳ್ಳುವ ದಾರಿಯೂ ಇದೆ. ಮೊದಲ ಆರ್ಡರ್ ಸಣ್ಣದಿರಲಿ, ಅದನ್ನು ಮೇ ತಿಂಗಳಲ್ಲೇ ಮಾಡಿಸಿ.